ಮನೆವಾರ್ತೆ: ಕೀಲಿಕೈ ಕಿಸೆಯಲ್ಲಿರಲಿ

ರೋಹಿಣಿ ಮಳೆಗೆ ಮುಂಚೆ ಹೊಲ ಹದಗೊಳಿಸುವ ದಿವಸಗಳು ಬಂದಿವೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಗಳಲ್ಲಿ ಈಗ ಉಳುವ, ಹರಗುವ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರೇ ಮಾಡುತ್ತಿರುವದು. ನಮ್ಮ ಹಿರಿಯರು ನೊಗ ಹೂಡುವ ಮುಂಚೆ ಎತ್ತಿನ ಹೆಗಲನ್ನು ತಡವಿ ನೋಡುತ್ತಿದ್ದರು. ಗೊರಸಿಗೆ ಮುಳ್ಳು ನಟ್ಟಿದೆಯೇ ಎಂದು ಪರೀಕ್ಷಿಸುತ್ತಿದ್ದರು. ನೋವಾದರೆ ಎತ್ತು ನಿಲ್ಲುವದು. ಒಡೆಯನು ಕಾಲಿಗೆ ಅಡ್ಡ ಬಂದರೆ ತಡೆಯುವದು. ಯಂತ್ರಕ್ಕೆ ಆ ದಯೆ ಇಲ್ಲ. ಖಂಡೇನವಮಿಯ ದಿನ ಹೂವು ಏರಿಸಿ ಕಾಯಿ ಒಡೆದ ಮಾತ್ರದಿಂದ ಅದರ ಆರೈಕೆ ಮುಗಿಯದು.

ಇದನ್ನು ನಾವು ಕೇಳಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದಲ್ಲಿಯೇ ರೋಟಾವೇಟರಿಗೆ ಗೋವಿನಜೋಳದ ದಂಟು ಸುತ್ತಿಕೊಂಡಿತು. ಎರಡು ನಿಮಿಷದ ಕೆಲಸವೆಂದು ಎಂಜಿನನ್ನು ನಿಲ್ಲಿಸದೆಯೇ ಬಗ್ಗಿದೆವು. ಹೆಗಲ ಮೇಲಿನ ವಲ್ಲಿಯ ತುದಿಯು ತಿರುಗುವ ಶಾಫ್ಟಿಗೆ ತಾಗಿತು. ಕಣ್ಣೆವೆ ಇಕ್ಕುವಷ್ಟರಲ್ಲಿ ವಲ್ಲಿ ಚಿಂದಿಯಾಯಿತು. ಅದನ್ನು ಕೊರಳಿಗೆ ಸುತ್ತಿಕೊಂಡಿರಲಿಲ್ಲವಾದ್ದರಿಂದ ಉಳಿದೆವು. ತಪ್ಪು ಯಂತ್ರದ್ದಲ್ಲ, ನಮ್ಮದು.

ಟ್ರ್ಯಾಕ್ಟರಿನಿಂದ ಹಿಂದಿನ ಉಪಕರಣಕ್ಕೆ ಬಲವನ್ನು ಒಯ್ಯುವ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುವದು; ಎಂದರೆ ಸೆಕೆಂಡಿಗೆ 9 ಸುತ್ತು. ಬಟ್ಟೆ ಸಿಕ್ಕಿತೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಅದು ಹಲವು ಸುತ್ತು ಸುತ್ತಿರುವದು. ಆದುದರಿಂದ ಉಪಕರಣಕ್ಕೆ ಕೈ ಹಚ್ಚುವ ಮುಂಚೆ ಮಾಡತಕ್ಕ ಕೆಲಸಗಳ ಕ್ರಮವನ್ನು ಪ್ರತಿಯೊಬ್ಬ ಗೃಹಸ್ಥನೂ ಬಾಯಿಪಾಠ ಮಾಡಿಕೊಳ್ಳಬೇಕು. ಸಮನಾದ ನೆಲದಲ್ಲಿ ನಿಲ್ಲಿಸಿ ಬ್ರೇಕು ಹಾಕುವದು; ಶಾಫ್ಟಿನ ಸಂಬಂಧ ಬಿಡಿಸುವದು; ಉಪಕರಣವನ್ನು ನೆಲಕ್ಕೆ ಇಳಿಸುವದು; ಎಂಜಿನು ನಿಲ್ಲಿಸುವದು; ಕೀಲಿಕೈಯನ್ನು ತೆಗೆದು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳುವದು; ತಿರುಗುವದೆಲ್ಲ ಪೂರ್ಣ ನಿಂತ ಬಳಿಕವೇ ಕೆಳಗಿಳಿದು ಬಗ್ಗುವದು. ಕೀಲಿಕೈ ಗಾಡಿಯಲ್ಲಿಯೇ ಇದ್ದರೆ ಮನೆಯ ಹುಡುಗನೊಬ್ಬನು ಆಟಕ್ಕೆ ತಿರುವಿದರೂ ಸಾಕು.

ಬ್ಲೇಡು ಬದಲಿಸಲು ರೋಟಾವೇಟರನ್ನು ಎತ್ತಿ ನಿಲ್ಲಿಸಲೇಬೇಕಾದಲ್ಲಿ ಹೈಡ್ರಾಲಿಕ್ಕನ್ನು ನಂಬತಕ್ಕದ್ದಲ್ಲ. ಎಣ್ಣೆಯ ಒತ್ತಡ ಇಳಿದರೆ ಭಾರವೆಲ್ಲ ಒಮ್ಮೆಲೆ ಕೆಳಗೆ ಬರುವದು. ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟೇ ಕೆಲಸಕ್ಕೆ ತೊಡಗಬೇಕು. ಶಾಫ್ಟಿನ ಮೇಲಿನ ಮುಚ್ಚಳವನ್ನು ಗ್ರೀಸು ಹಾಕಲು ತೆಗೆದವರು ಮರಳಿ ಹಾಕದೆ ಬಿಡುವದು ನಮ್ಮಲ್ಲಿ ಬಹಳ. ಆ ಮುಚ್ಚಳವೇ ಪ್ರಾಣದ ಬೇಲಿ.

ಆರೈಕೆ ಸರಿಯಾಗಿದ್ದರೆ ಹೊಲದ ನಡುವೆ ಹೀಗೆ ಬಗ್ಗುವ ಪ್ರಸಂಗವೇ ಕಡಿಮೆ. ಸವೆದ ಬ್ಲೇಡು ಹತ್ತಿಯ ಕಟ್ಟಿಗೆಯನ್ನೂ ಮೆಣಸಿನಗಿಡದ ಕಡ್ಡಿಯನ್ನೂ ಕತ್ತರಿಸದೆ ಸುತ್ತಿಕೊಳ್ಳುವದು. ಆದುದರಿಂದ ದಿನಾಲು ಬೆಳಿಗ್ಗೆ ಬ್ಲೇಡುಗಳ ಬೋಲ್ಟುಗಳನ್ನು ಬಿಗಿದು, ಗೇರ್ ಪೆಟ್ಟಿಗೆಯ ಎಣ್ಣೆ ನೋಡಬೇಕು. ಎಂಜಿನಿನ ಎಣ್ಣೆಯನ್ನು ಗಾಡಿ ಸಮನೆಲದಲ್ಲಿ ನಿಂತಿರುವಾಗ, ಚಾಲೂ ಮಾಡುವ ಮುಂಚೆಯೇ ಕಡ್ಡಿಯಿಂದ ಅಳೆಯಬೇಕು. ರೇಡಿಯೇಟರಿನ ಮುಚ್ಚಳವನ್ನು ಕಾದಿರುವಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುವದು. ಆರುವ ತನಕ ಕಾಯಬೇಕು. ಬೇಸಿಗೆಯಲ್ಲಿ ನಮ್ಮ ಎರೆಯ ಹೊಲದ ಧೂಳು ಬಹು ಸಣ್ಣದು. ಗಾಳಿ ಸೋಸುವ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದುದಕ್ಕಿಂತ ಬೇಗನೆ ನೋಡುವದು ಒಳಿತು. ಡೀಸೆಲನ್ನು ಸಂಜೆಯೇ ತುಂಬಿಟ್ಟರೆ ಟ್ಯಾಂಕಿನೊಳಗೆ ರಾತ್ರಿಯ ತೇವವು ನೀರಾಗಿ ಕೂಡುವದು ಕಡಿಮೆ. ಹೊಲದಿಂದ ರಸ್ತೆಗೆ ಬರುವಾಗ ಎರಡೂ ಬ್ರೇಕಿನ ಪೆಡಲುಗಳನ್ನು ಕೂಡಿಸಿ ಕೊಂಡಿ ಹಾಕಲು ಮರೆಯಬಾರದು. ಒಂದೇ ಗಾಲಿ ತಡೆದರೆ ಗಾಡಿ ಉರುಳುವದು.

ಮನೆಯ ತಾಯಂದಿರಿಗೂ ಒಂದು ಮಾತು. ಹೊಲಕ್ಕೆ ಬುತ್ತಿ ತಂದಾಗ ಗಾಡಿಯ ಹಿಂದುಗಡೆಯಿಂದ ಸಮೀಪಿಸಬೇಡಿರಿ. ನಡೆಸುವವನಿಗೆ ಕಾಣುವಂತೆ ದೂರ ನಿಂತು, ಎಂಜಿನು ನಿಂತ ಮೇಲೆ ಹತ್ತಿರ ಹೋಗಿರಿ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿರಿ. ಮಕ್ಕಳು ಎಷ್ಟು ಅತ್ತರೂ ಮಡ್‌ಗಾರ್ಡಿನ ಮೇಲೆ ಕೂಡಿಸಗೊಡಬೇಡಿರಿ.

ಯಜಮಾನರಿಗೆ ಹೇಳತಕ್ಕುದು ಇದಕ್ಕಿಂತ ಕಠಿಣವಾದುದು. ಬಾಡಿಗೆಯ ಗಾಡಿಗೆ ತಾಸಿನ ಲೆಕ್ಕ. ಮಳೆಯ ಮೋಡ ಮೇಲೆ. ಆಗ “ಲಗೂ ಮುಗಿಸಪ್ಪಾ” ಎಂದು ಬದುವಿನ ಮೇಲಿನಿಂದ ಕೂಗುವವರು ನಾವೇ. ಆ ಕೂಗಿಗೆ ಹೆದರಿಯೇ ದುಡಿಯುವ ಹುಡುಗನು ಎಂಜಿನು ನಿಲ್ಲಿಸದೆ ಬಗ್ಗುವನು. ದಂಟು ತೆಗೆಯುವ ಹತ್ತು ನಿಮಿಷದ ಬಾಡಿಗೆಯನ್ನು ನಾವು ಸಂತೋಷದಿಂದ ಕೊಡಬೇಕು. ಅವನ ಬೆರಳುಗಳಿಗೆ ಬೆಲೆ ಕಟ್ಟಲಾಗದು.

ಗೋವಿನಜೋಳ ಒಕ್ಕುವ ಯಂತ್ರಕ್ಕೂ ಇದೇ ನಿಯಮ. ಒಕ್ಕುವ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಕಟವನ್ನು ಕಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯದೆಯಾಯಿತು. ಅದರ ವಿಷಯವನ್ನು ರಾಶಿಯ ಕಾಲಕ್ಕೆ ಬರೆಯುವೆವು. ಸದ್ಯಕ್ಕೆ ಸಂಶಯವಿದ್ದವರು ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.