ವೀಗನ್ ಊಟ ಶ್ರೀಮಂತರಿಗೆ ಮಾತ್ರವೇ? ಜೋಳದ ರೊಟ್ಟಿಯ ತಟ್ಟೆಯಲ್ಲಿ ಏನಿದೆ, ಏನಿಲ್ಲ

‘ವೀಗನ್ ಆಗಬೇಕೆಂದರೆ ಬಾದಾಮಿ ಹಾಲು, ಟೋಫು, ದುಬಾರಿ ಪ್ರೋಟೀನ್ ಪೌಡರ್ ಬೇಕು’ ಎನ್ನುವವರಿದ್ದಾರೆ. ‘ಹಾಲು, ಮೊಟ್ಟೆ, ಮಾಂಸ ಬಿಟ್ಟುಬಿಡಿ, ಕಾಯಿಲೆಯೂ ಇಲ್ಲ, ಮಾತ್ರೆಯೂ ಬೇಡ’ ಎನ್ನುವವರೂ ಇದ್ದಾರೆ. ಮೊದಲ ಮಾತು ಜೇಬಿಗೆ ಸಂಬಂಧಿಸಿದ್ದು, ಎರಡನೆಯದು ಜೀವಕ್ಕೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಮಾಮೂಲಿ ಊಟವನ್ನೇ ಮುಂದಿಟ್ಟುಕೊಂಡು ಎರಡನ್ನೂ ಪರಿಶೀಲಿಸೋಣ.

ವೀಗನ್ ಎಂದರೇನು?

ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನನ್ನೂ ಬಿಡುವುದು. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ ಇದು. ಹೆಸರು ಹೊಸದು, ಆದರೆ ಆಹಾರ ನಮಗೆ ಹೊಸದಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯೆ, ಉಳ್ಳಾಗಡ್ಡಿ: ಈ ತಟ್ಟೆಯ ಪಕ್ಕದಿಂದ ಮೊಸರಿನ ಬಟ್ಟಲನ್ನು ತೆಗೆದರೆ ಉಳಿಯುವುದೆಲ್ಲ ವೀಗನ್.

ಪ್ರೋಟೀನ್ ಸಾಲುತ್ತದೆಯೇ?

ಲೆಕ್ಕ ಹಾಕೋಣ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ತೊಗರಿ ಬೇಳೆಯಲ್ಲಿ 22 ಗ್ರಾಂ, ಶೇಂಗಾದಲ್ಲಿ 24 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ 300 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಬೇಳೆ, ಒಂದು ಹಿಡಿ ಮಡಿಕೆ ಅಥವಾ ಹೆಸರುಕಾಳು, 25 ಗ್ರಾಂ ಶೇಂಗಾ ತಿಂದರೆ 50 ಗ್ರಾಂ ದಾಟುತ್ತದೆ. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಬೇಕಾದದ್ದು ಸುಮಾರು 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿ ಧಾರಾಳವಾಗಿದೆ. ಹಾಗಾಗಿ ರೊಟ್ಟಿ ಮತ್ತು ಬೇಳೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಬಾದಾಮಿಯಲ್ಲಿರುವ ಪ್ರೋಟೀನ್ ಶೇಂಗಾಕ್ಕಿಂತ ಹೆಚ್ಚೇನಲ್ಲ. ಬೆಲೆ ಮಾತ್ರ ಹಲವು ಪಟ್ಟು. ಆದರೆ ಒಂದು ಎಚ್ಚರಿಕೆ: ದುಡ್ಡು ಕಡಿಮೆಯಾದಾಗ ಮನೆಯಲ್ಲಿ ಮೊದಲು ತೆಳ್ಳಗಾಗುವುದು ಬೇಳೆ ಸಾರು. ಬರೀ ಅನ್ನ ಅಥವಾ ಬರೀ ರೊಟ್ಟಿ ತಿಂದರೆ ಈ ಲೆಕ್ಕ ನಿಲ್ಲುವುದಿಲ್ಲ.

ಕಬ್ಬಿಣ, ಕ್ಯಾಲ್ಸಿಯಂ?

ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಅದಕ್ಕೆ ಹೊರಗಿನಿಂದ ಏನೂ ತರಿಸಬೇಕಿಲ್ಲ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯೇ ಇದೆ. ಪಲ್ಯದ ಮೇಲೆ ಹಿಂಡಿಕೊಳ್ಳಿ. ಊಟದ ಜೊತೆಗೇ ಚಹಾ ಕುಡಿಯುವುದನ್ನು ಬಿಡಿ, ಅದು ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ.

ಕ್ಯಾಲ್ಸಿಯಂ ಬೇಕೆಂದರೆ ಎಳ್ಳು, ರಾಗಿ, ನುಗ್ಗೆ ಸೊಪ್ಪು. ಹಾಲು ಬಿಟ್ಟವರು ಇವನ್ನು ಹಬ್ಬಕ್ಕಷ್ಟೇ ಅಲ್ಲ, ದಿನವೂ ತಿನ್ನಬೇಕು.

ಹಾಗಾದರೆ ಕೊರತೆ ಯಾವುದು?

ವಿಟಮಿನ್ ಬಿ12. ಮೊಳಕೆಕಾಳು, ಶೇಂಗಾ, ಹುದುಗಿದ ಹಿಟ್ಟು, ಅಂಬಲಿಯಲ್ಲಿ ಇದು ಸಿಗುತ್ತದೆ ಎಂಬ ಸಂದೇಶಗಳನ್ನು ನಂಬಬೇಡಿ. ಇವು ಯಾವುವೂ ಭರವಸೆಯ ಮೂಲಗಳಲ್ಲ. ಯಕೃತ್ತಿನಲ್ಲಿ ಬಿ12 ಸಂಗ್ರಹ ಇರುವುದರಿಂದ ಕೊರತೆ ಕೂಡಲೇ ಕಾಣುವುದಿಲ್ಲ, ಕೆಲವು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ‘ನನಗೇನೂ ಆಗಿಲ್ಲ’ ಎಂದು ನಾಲ್ಕು ಜನಕ್ಕೆ ಸಲಹೆ ಕೊಟ್ಟಾಗಿರುತ್ತದೆ! ಸುಸ್ತು, ಕೈಕಾಲು ಜೋಮು, ನಾಲಿಗೆ ಉರಿ, ಮರೆವು ಇದರ ಲಕ್ಷಣಗಳು. ಚಿಕಿತ್ಸೆ ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೇ ಇರಬಹುದು.

ಪಡಿತರ ಅಕ್ಕಿಯಲ್ಲಿ ಬಿ12 ಇದೆಯಲ್ಲ?

2021ರ ನಂತರ ಹಂತ ಹಂತವಾಗಿ ಬಂದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಲಾಗಿರುತ್ತದೆ. ನೀರಿನಲ್ಲಿ ತೇಲುವ, ಸ್ವಲ್ಪ ಬೇರೆಯಾಗಿ ಕಾಣುವ ಆ ಕಾಳುಗಳನ್ನೇ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹಲವರು ಆರಿಸಿ ಬಿಸಾಡುತ್ತಾರೆ. ಅವು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿಗೆ ಪೋಷಕಾಂಶ ಬೆರೆಸಿ ಮಾಡಿದ ಕಾಳುಗಳು. ಆದರೆ ಒಂದು ಕಿಲೋದಲ್ಲಿರುವ ಬಿ12 ಸುಮಾರು 1 ಮೈಕ್ರೋಗ್ರಾಂ. ನಮಗೆ ದಿನಕ್ಕೇ 2 ಮೈಕ್ರೋಗ್ರಾಂಗಿಂತ ಹೆಚ್ಚು ಬೇಕು. ತಿಂಗಳಿಗೆ 5 ಕಿಲೋ ಅಕ್ಕಿ ಉಂಡರೆ ಸಿಗುವುದು ಮೂರು ದಿನಕ್ಕೂ ಸಾಲದಷ್ಟು. ಆದ್ದರಿಂದ ವೀಗನ್ ಆದವರಿಗೆ ಬಿ12 ಮಾತ್ರೆ ಐಚ್ಛಿಕವಲ್ಲ, ಅಗತ್ಯ. ಎಷ್ಟು ಎಂಬುದನ್ನು ವೈದ್ಯರನ್ನು ಕೇಳಿ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ದರಕ್ಕೆ ಸಿಗುತ್ತದೆಯೇ ವಿಚಾರಿಸಿ.

ಯಾರು ಅವಸರ ಮಾಡಬಾರದು?

ಗರ್ಭಿಣಿಯರು, ಬಾಣಂತಿಯರು, ಪುಟ್ಟ ಮಕ್ಕಳು. ತಾಯಿಗೆ ಬಿ12 ಕೊರತೆ ಇದ್ದರೆ ಎದೆಹಾಲು ಕುಡಿಯುವ ಕೂಸಿಗೂ ಕೊರತೆಯಾಗಿ ಬೆಳವಣಿಗೆ ಕುಂಠಿತವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಶಾಲಾ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಸರ್ಕಾರ ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಇಲ್ಲಿನ ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚಿದ್ದುದೇ ಅದಕ್ಕೆ ಕಾರಣ. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಸಿಕ್ಕಿತು. ಬಾಳೆಹಣ್ಣಿನಲ್ಲಿ ಬಿ12 ಇಲ್ಲ. ಶಾಲೆಯ ಮೊಟ್ಟೆ, ಹಾಲನ್ನು ಮಗುವಿಗೆ ನಿಲ್ಲಿಸುವ ಮುನ್ನ ಅದರ ಬದಲು ಏನು ಕೊಡುತ್ತೀರಿ ಎಂಬುದನ್ನು ವೈದ್ಯರೊಂದಿಗೆ ಮಾತಾಡಿ.

ಕೊನೆಯದಾಗಿ

ವೀಗನ್ ಊಟ ದುಬಾರಿ ಎಂಬುದು ತಪ್ಪು. ಮಾತ್ರೆ ಬೇಡ ಎಂಬುದು ಅಪಾಯಕಾರಿ ತಪ್ಪು. ಇಂಥ ಸಂದೇಶ ಮತ್ತೆ ಬಂದರೆ ಅದರಲ್ಲಿ ‘ಬಿ12’ ಎಂಬ ಪದ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.