ನೆಲ ಡೊಂಕೋ, ಕಾಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವು ಹಿರಿಯರು ಮಕ್ಕಳ ಮೇಲೆ ಎಷ್ಟು ಸಲ ಒಗೆದಿದ್ದೇವೋ ಲೆಕ್ಕವಿಲ್ಲ. ಪೆನ್ನು ಬರೆಯುತ್ತಿಲ್ಲ ಅಂದರೆ ಗಾದೆ, ಸೈಕಲ್ ಬಿರುಸಾಗಿದೆ ಅಂದರೆ ಗಾದೆ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಅದನ್ನು ಅಳೆದು ನೋಡುವುದು ಹೇಗೆ ಎಂಬುದನ್ನು ಈ ವಾರ ಎಲೆಕ್ಟ್ರಿಕ್ ಗಿಟಾರಿನ ಮೂಲಕ ಹೇಳುತ್ತೇನೆ.

ಸಾಲಹಳ್ಳಿಯ ಈ ಮುದುಕನಿಗೆ ಗಿಟಾರ್ ಎಲ್ಲಿಂದ ಗಂಟು ಬಿತ್ತು ಎಂದು ಕೇಳುತ್ತೀರಿ. ಹುಬ್ಬಳ್ಳಿಯಲ್ಲಿ ಎಂಟನೇ ಇಯತ್ತೆ ಓದುವ ಮೊಮ್ಮಗಳು ಬೇಸಿಗೆ ಸೂಟಿಗೆ ಬರುವಾಗ ಜೊತೆಗೆ ತಂದಿದ್ದಳು. ಪರಿಚಯದ ಹುಡುಗನೊಬ್ಬ ನುಡಿಸಿ ಬಿಟ್ಟ ಹಳೆಯ ಗಿಟಾರ್ ಅದು. ತಂತಿ ಬಿಗಿದಂತೆಯೇ ಎರಡು ಮಳೆಗಾಲ ಅಟ್ಟದ ಮೇಲೆ ಕಳೆದಿತ್ತಂತೆ. ಹುಡುಗಿ ಹತ್ತು ದಿನ ಬಿಡದೆ ಕುಳಿತಳು. ಬೆರಳ ತುದಿ ಕೆಂಪಾದವು. ಹನ್ನೊಂದನೆಯ ದಿನ ಗಿಟಾರ್ ಚೀಲ ಸೇರಿ ಮೂಲೆಗೆ ನಿಂತಿತು.

“ಅಜ್ಜಾ, ಇದು ನನಗ ಬರೂದಿಲ್ಲ. ನನ್ನ ಬೆರಳು ಗಿಡ್ಡ ಅದಾವ. ಕಿವೀನೂ ಸರಿ ಇಲ್ಲ. ಮದಲ ಛಂದ ಸುರ ಹಚ್ಚೇನಿ, ಆದ್ರೂ ನುಡಿಸಿದ್ರ ಹುಳಿಹುಳಿ ಕೇಳಸ್ತೈತಿ” ಅಂದಳು.

ಸೊಸೆ ಫೋನಿನಲ್ಲಿ, “ಹೋಗ್ಲಿ ಬಿಡ್ರಿ ಮಾವಾರ, ಆಗದಿದ್ರ ಮಾರಿಬಿಡೂಣು” ಅಂದಳು.

ನನಗೆ ಹುಡುಗಿಯ ಮಾತಿನಲ್ಲೇ ಒಂದು ಸುಳಿವು ಸಿಕ್ಕಿತು. ಕಿವಿ ಸರಿ ಇಲ್ಲದವರಿಗೆ ಹುಳಿ ಕೇಳುವುದೇ ಇಲ್ಲ. ಕೇಳಿದೆ ಅಂದರೆ ಕಿವಿ ಚಲೋ ಇದೆ ಎಂದೇ ಅರ್ಥ. “ಬೆರಳಿಂದು ಆಮ್ಯಾಲ ನೋಡೂಣು ಯವ್ವಾ, ಮದಲ ಇದರ ಲೆಕ್ಕಾ ತಗಿಯೂಣು” ಅಂದೆ.

ನಮ್ಮ ಊರಿನ ಭಜನಿ ಮೇಳದ ತಂಬೂರಿ ನೋಡಿಕೊಂಡು ನನಗೆ ತಂತಿಯ ಸ್ವಭಾವ ಗೊತ್ತು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ನೂಲು ಇಡುತ್ತಾರೆ. ಅದಕ್ಕೆ ಜೀವಾಳಿ ಎಂದು ಹೆಸರು. ಆ ನೂಲು ಕೂದಲೆಳೆಯಷ್ಟು ಸರಿದರೆ ಸಾಕು, ಝೇಂಕಾರ ಸತ್ತು ಹೋಗುತ್ತದೆ. ನಮಗೆ ಹತ್ತಿರದ ಮಿರಜದಲ್ಲಿ ಈ ವಿದ್ಯೆಯನ್ನೇ ನಂಬಿ ಬದುಕುವ ಮನೆತನಗಳಿವೆ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ವಾದ್ಯ ಮಾಡುವವರಾದರು. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕುದುರೆಯನ್ನು ಉಜ್ಜಿ, ನುಡಿಸಿ, ಮತ್ತೆ ಉಜ್ಜಿ ನಾದ ಕೂಡಿಸುವುದು ಅವರ ಕೈಗಾರಿಕೆಯ ಹೃದಯ. ಗಿಟಾರಿಗೂ ಬಿರಡೆ ಇದೆ, ಮೆಟ್ಟು ಇದೆ, ಕುದುರೆ ಇದೆ. ಮನೆ ಬೇರೆ, ಮಂದಿ ಒಂದೇ.

ಮಕ್ಕಳೇ, ಇಲ್ಲಿ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಒಂದಿದೆ. ಜಗತ್ತಿನ ಹೆಸರಾಂತ ಎಲೆಕ್ಟ್ರಿಕ್ ಗಿಟಾರುಗಳನ್ನು ರೂಪಿಸಿದ ಅಮೆರಿಕದ ಲಿಯೊ ಫೆಂಡರ್ ಓದಿದ್ದು ಲೆಕ್ಕಪತ್ರ. ಮೊದಲು ಮಾಡಿದ್ದು ಲೆಕ್ಕ ಬರೆಯುವ ಕೆಲಸ. 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರ್ ಹೊರತಂದ. ಆತನಿಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ! ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಸ್ಕ್ರೂ ಡ್ರೈವರ್ ಹಿಡಿಯಲು ಇಷ್ಟು ಧೈರ್ಯ ಸಾಕಲ್ಲವೇ?

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ನಿಶ್ಶೇಷವಾಗಿ ಭಾಗವಾದರೆ ಯಾರೋ 72ರ ಬದಲು 27 ಎಂದು ಅಂಕಿ ತಿರುವಿ ಬರೆದಿರುವ ಸಂಭವ ಹೆಚ್ಚು. ವ್ಯತ್ಯಾಸವೇ ತಪ್ಪಿನ ದಾರಿ ತೋರಿಸುತ್ತದೆ. ಗಿಟಾರಿನಲ್ಲೂ ಹಾಗೆಯೇ. ಹುಬ್ಬಳ್ಳಿಯ ವಾದ್ಯ ರಿಪೇರಿಯವರೊಬ್ಬರನ್ನು ವಿಡಿಯೊ ಕರೆಯಲ್ಲಿ ಹಿಡಿದು, ಅವರು ಹೇಳಿದ ಕ್ರಮದಲ್ಲೇ ಅಜ್ಜ-ಮೊಮ್ಮಗಳು ಕೆಲಸಕ್ಕೆ ಕುಳಿತೆವು.

ಮೊದಲನೆಯದು ತಂತಿ. ಬೆವರು ತಾಗಿ ತುಕ್ಕು ಹಿಡಿದ ತಂತಿ ಎಂದೂ ಸುರಕ್ಕೆ ನಿಲ್ಲುವುದಿಲ್ಲ. ಒಂದೊಂದಾಗಿ ಬಿಚ್ಚಿ ಹೊಸದು ಹಾಕಿದೆವು. ಅಂದಿನಿಂದ ನುಡಿಸಿದ ಮೇಲೆ ಒಣ ಅರಿವೆಯಿಂದ ಒರೆಸುವುದು ಅವಳ ಪಾಲಿನ ಕೆಲಸ.

ಎರಡನೆಯದು ಕತ್ತು. ಆರು ತಂತಿಗಳು ಸೇರಿ ಅದನ್ನು ಸುಮಾರು 45 ಕಿಲೊ ಭಾರದಷ್ಟು ಜಗ್ಗುತ್ತವೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂಡುವುದಿಲ್ಲವಲ್ಲ, ಹಾಗೆ ಗಿಟಾರಿನ ಕಟ್ಟಿಗೆಯೂ ಹವೆಗೆ ಹೊರಳುತ್ತದೆ. ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊನೆಯ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ, ಏಳನೆಯ ಮೆಟ್ಟಿನ ಮೇಲೆ ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದು ಉಳಿಯಬೇಕು. ನಮ್ಮದರಲ್ಲಿ ನಾಲ್ಕು ಕಾರ್ಡು ಹಿಡಿಸಿದವು. ಕತ್ತು ಬಿಲ್ಲಿನಂತೆ ಬಾಗಿತ್ತು. ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಅದರ ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುವಬಾರದು. ತಿರುವಿ, ಮತ್ತೆ ಸುರ ಕೂಡಿಸಿ, ಕಟ್ಟಿಗೆ ಹೊಂದಿಕೊಳ್ಳಲು ಬಿಟ್ಟು, ಅಳೆಯಬೇಕು. ಬಿಗಿಯಾಗಿ ತಿರುಗದಿದ್ದರೆ ಜೋರು ಮಾಡದೆ ತಿಳಿದವರ ಕೈಗೆ ಕೊಡಬೇಕು. ನಮಗೆ ಈ ಕೆಲಸಕ್ಕೇ ಎರಡು ದಿನ ಹಿಡಿಯಿತು.

ಮೂರನೆಯದು ತಂತಿಯ ಎತ್ತರ. ಶಾಲೆಯ ಸ್ಕೇಲಿನಿಂದ ಹನ್ನೆರಡನೆಯ ಮೆಟ್ಟಿನ ಬಳಿ ಅಳೆದೆವು. ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ ಒಂದೂವರೆ ಮಿ.ಮೀ. ಇದ್ದರೆ ಸಾಕು. ಕತ್ತು ನೇರ ಮಾಡುವ ಮೊದಲು ನಮ್ಮದರಲ್ಲಿ 4 ಮಿ.ಮೀ. ಇತ್ತು! ಅಷ್ಟು ಎತ್ತರದ ತಂತಿಯನ್ನು ಒತ್ತಲು ಪೈಲ್ವಾನನ ಬೆರಳು ಬೇಕು. ಇನ್ನೊಂದು ಮಾತು: ತಂತಿ ಎತ್ತರವಿದ್ದಷ್ಟೂ ಒತ್ತುವಾಗ ಹೆಚ್ಚು ಜಗ್ಗುತ್ತದೆ, ಜಗ್ಗಿದಷ್ಟೂ ಸ್ವರ ಏರುತ್ತದೆ. ಹುಡುಗಿಯ ಕಿವಿಗೆ ಹುಳಿ ಎನಿಸಿದ್ದು ಇದೇ.

ನಾಲ್ಕನೆಯದು ತಂತಿಯ ಉದ್ದ. ಬಿರಡೆಯ ಕಡೆ ತಂತಿ ಕೂರುವ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಗೆ 324 ಮಿ.ಮೀ. ಇದ್ದರೆ, ಅಲ್ಲಿಂದ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ತಂತಿ ಅರ್ಧವಾದಾಗ ಅದೇ ಸ್ವರ ಮೇಲಿನ ಸಪ್ತಕದಲ್ಲಿ ನುಡಿಯುತ್ತದೆ. ಫೋನಿನ ಟ್ಯೂನರಿನಲ್ಲಿ ನೋಡಿದಾಗ ಹನ್ನೆರಡನೆಯ ಮೆಟ್ಟಿನ ಸ್ವರ ಏರಿದ್ದರೆ ಆ ತಂತಿಯ ಕುದುರೆಯನ್ನು ಹಿಂದಕ್ಕೆ ಸರಿಸಿ ತಂತಿ ಉದ್ದ ಮಾಡಬೇಕು, ಇಳಿದಿದ್ದರೆ ಮುಂದಕ್ಕೆ. ಆರು ತಂತಿಗೆ ಆರು ಪುಟ್ಟ ಕುದುರೆಗಳಿರುವುದು ಇದಕ್ಕಾಗಿಯೇ.

ಇದು ಕೂಗುವುದು ಹೇಗೆ ಗೊತ್ತೇ? ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸಣ್ಣ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಸುತ್ತಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವ, ಹಳೆಯ ಸೈಕಲ್ಲಿನ ಡೈನಮೊ ಕೂಡ ಇದೇ. ಹಾಗಾಗಿ ನೈಲಾನ್ ತಂತಿ ಹಾಕಿದರೆ ಇದು ಮೂಕ.

ಅಜ್ಜ-ಅಜ್ಜಿಯರು ಇದನ್ನು ಮಾತ್ರ ಮರೆಯಬಾರದು. ಗಿಟಾರಿನ ತಂತಿಗೂ ಆಂಪ್ಲಿಫೈಯರಿನ ಅರ್ತಿಂಗಿಗೂ ಒಳಗೇ ಸಂಪರ್ಕವಿರುತ್ತದೆ. ನಮ್ಮ ಹಳ್ಳಿಮನೆಗಳ ಎಷ್ಟೋ ಸಾಕೆಟ್ಟುಗಳಲ್ಲಿ ಮೂರನೆಯ ರಂಧ್ರಕ್ಕೆ ತಂತಿಯೇ ಇರುವುದಿಲ್ಲ. ನಾನು ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಅರ್ತಿಂಗ್ ನೋಡಿಸಿದೆ, ಆಮೇಲೆಯೇ ಪ್ಲಗ್ ಹಾಕಿದ್ದು. ಮುಟ್ಟಿದಾಗ ಜುಮ್ಮೆಂದರೆ ಕೂಡಲೇ ಕೈಬಿಟ್ಟು ಸ್ವಿಚ್ ಆರಿಸಬೇಕು. ಆಂಪ್ಲಿಫೈಯರಿನ ಬೆನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು.

ನಾಲ್ಕನೆಯ ದಿನ ಹುಡುಗಿ ನುಡಿಸಿದಳು. ಒಮ್ಮೆಲೇ ದೊಡ್ಡ ವಾದಕಿಯೇನೂ ಆಗಲಿಲ್ಲ. ಬೆರಳು ಇನ್ನೂ ನೋಯುತ್ತವೆ, ತಾಳ ಅಲ್ಲಲ್ಲಿ ತಪ್ಪುತ್ತದೆ. ಆದರೆ ಹುಳಿ ಹೋಗಿತ್ತು. “ಅಜ್ಜಾ, ಬೆರಳು ಅಷ್ಟೇನ ಗಿಡ್ಡ ಇಲ್ಲ ಬಿಡು” ಅಂದಳು. ಸೂಟಿ ಮುಗಿಸಿ ಹೋಗುವಾಗ ಗಿಟಾರ್ ಅವಳ ಹೆಗಲ ಮೇಲಿತ್ತು, ಮಾರುವ ಮಾತು ಯಾರೂ ಎತ್ತಲಿಲ್ಲ.

ಅಜ್ಜಂದಿರೇ, ಅಜ್ಜಿಯರೇ, ಮಗು “ನನಗೆ ಬರುವುದಿಲ್ಲ” ಅಂದಾಗ ಗಾದೆ ಹೇಳುವ ಮೊದಲು ಒಂದು ಸ್ಕೇಲು ತೆಗೆದುಕೊಳ್ಳಿ. ಅದು ಗಿಟಾರೇ ಆಗಬೇಕಿಲ್ಲ. ಹಾರ್ಮೋನಿಯಂ ಇರಬಹುದು, ಕನ್ನಡಕ ಇರಬಹುದು, ಕುಳಿತು ಬರೆಯುವ ಮೇಜಿನ ಎತ್ತರ ಇರಬಹುದು. ಮಕ್ಕಳೇ, ನಿಮಗೂ ಒಂದು ಮಾತು. ನೆಲ ಸರಿ ಮಾಡಿಕೊಟ್ಟ ಮೇಲೆ ಕುಣಿಯಬೇಕಾದವರು ನೀವೇ. ಆಗ ಮಾತ್ರ ನೆಪ ಹೇಳುವ ಹಾಗಿಲ್ಲ!