ದಣಪೆ ದಾಟುವ ಸೈಕಲ್ಲು
ಬೆಟ್ಟದ ಸೈಕಲ್ಲಿಗೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೊಸ ದಾರಿ ಕಡಿಯಬೇಕಾಗಿಲ್ಲ. ಒಂಟಿಮನೆಗಳ ನಾಡಿನಲ್ಲಿ ಮನೆಯಿಂದ ಮನೆಗೆ, ತೋಟದಿಂದ ಸೊಪ್ಪಿನಬೆಟ್ಟಕ್ಕೆ ಕಾಲುದಾರಿಗಳು ಇದ್ದೇ ಇವೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಜೀಪು ದಾರಿಗೆ ಹೆಸರು ಹೆಚ್ಚು, ನನಗಂತೂ ಅದರ ಮೋಹವಿಲ್ಲ: ಉರುಳುವ ಕಲ್ಲು, ಜೀಪುಗಳ ಸಾಲು, ಮೇಲೆ ಅಭಯಾರಣ್ಯದ ಕಟ್ಟುಪಾಡು. ಮಳೆ ನಿಂತು ಜಂಬಿಟ್ಟಿಗೆ ಮಣ್ಣು ಬಿಗಿದ ಮೇಲೆ ಊರೊಳಗಿನ ದಾರಿಗಳದ್ದೇ ಸೊಗಸು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯ ಕಡೆ ದಾರಿಯನ್ನು ಕೊಲ್ಲುವುದು ಸವಾರಿಯಲ್ಲ, ನೀರು. ಆದರೆ ಹಸಿಮಣ್ಣಿನಲ್ಲಿ ಟೈರು ಎಳೆದ ಗೀರೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಹಾಗಾಗಿ ಜೋರು ಮಳೆಯ ತಿಂಗಳುಗಳಲ್ಲಿ ಸೈಕಲ್ಲು ಜಗಲಿಯಲ್ಲಿರಲಿ. ಇಳಿಜಾರಿನಲ್ಲಿ ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ ಕಣಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಈ ವಿದ್ಯೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವವರಿಗೆ ಯಾರೂ ಕಲಿಸಬೇಕಿಲ್ಲ; ದುಬಾರಿ ಸೈಕಲ್ಲಿನವರು ಹಾರೆ ಹಿಡಿದು ಅವರ ಹಿಂದೆ ನಿಂತರೆ ಸಾಕು. ಇನ್ನು ತೋಟದ ಬೇಲಿ ದಾಟುವಾಗ ಸರಿಸಿದ ಅಡ್ಡಗಳುಗಳ ದಣಪೆಯನ್ನು ಮತ್ತೆ ಹಾಕದೆ ಹೋದರೆ ದನ ತೋಟಕ್ಕೆ ನುಗ್ಗುತ್ತದೆ, ಮರುವಾರ ಆ ದಾರಿಯೇ ಮುಚ್ಚಿರುತ್ತದೆ. ತಿನಿಸಿನ ವಿಚಾರಕ್ಕೆ ಬಂದರೆ, ಒಂದೆರಡು ತಾಸು ಮೀರಿದ ಸವಾರಿಗೆ ತಾಸಿಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕೆನ್ನುತ್ತಾರೆ ಕ್ರೀಡಾ ಆಹಾರತಜ್ಞರು. ಬೆಲ್ಲದ ಉಂಡೆ, ಬಾಳೆಹಣ್ಣು, ಉಪ್ಪು ಹಾಕಿದ ನೀರುಮಜ್ಜಿಗೆ ಇದ್ದರೆ ಆಯಿತು. ಪ್ಲಾಸ್ಟಿಕ್ ಪೊಟ್ಟಣದ ಜೆಲ್ ಯಾಕೆ? ಕಾಗದದಷ್ಟು ತೆಳುವಾದ ಸಿಹಿತಿನಿಸು ತೊಡೆದೇವು ಮಾತ್ರ ಒಯ್ಯಬೇಡಿ, ಮೊದಲ ಇಳಿಜಾರಿಗೇ ಪುಡಿಪುಡಿ.